ಒಂದೇ ಒರೆಯಲ್ಲಿ ಎರಡು ಕತ್ತಿ!

ಒಂದು ಒರೆಯಲ್ಲಿ ಎರಡು ಕತ್ತಿಗಳು ಇರಲಾರವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಗಣಕಯಂತ್ರದ ವಿಷಯದಲ್ಲಿ ಈ ಗಾದೆ ಸುಳ್ಳಾಗಿದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳು ನಿರಾತಂಕವಾಗಿ ನೆಲೆಸಬಲ್ಲವು. ಈ ಏರ್ಪಾಡಿಗೆ ಡ್ಯುಯಲ್ ಬೂಟ್ ಎಂದು ಹೆಸರು.

ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ವಾಚಕರು ಭಾವಿಸಬೇಕಾಗಿಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಪೀಳಿಗೆಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಸಾಕಷ್ಟು ಹೊಸದಾದ ಪ್ರಾಸೆಸರನ್ನೂ ಬೇಡುತ್ತದೆ. ಹೀಗಾಗಿ ಯಾವ ಕುಂದೂ ಇಲ್ಲದೆ ದುಡಿಯುತ್ತಿದ್ದ ಎಷ್ಟೋ ಯಂತ್ರಗಳು ಒಮ್ಮೆಲೇ ಅನರ್ಹವೆನಿಸಿದವು. ತಿಂಗಳ ಸಂಬಳದಲ್ಲಿ ಉಳಿಸಿ, ಮಕ್ಕಳ ಓದಿಗೆಂದು ಕೊಂಡ ಯಂತ್ರವನ್ನು ಗುಜರಿಗೆ ಹಾಕಲು ಯಾವ ಗೃಹಸ್ಥನಿಗೆ ಮನಸ್ಸು ಬಂದೀತು?

ಹೊಸ ಒಕ್ಕಲು

ಇಲ್ಲಿಯೇ ಲಿನಕ್ಸ್ ನೆರವಿಗೆ ಬರುತ್ತದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ತನ್ನ 21ನೆಯ ವಯಸ್ಸಿನಲ್ಲಿ ಇದಕ್ಕೆ ಅಂಕುರಾರ್ಪಣೆ ಮಾಡಿದನು. ಮುಂದೆ ಸಾವಿರಾರು ಮಂದಿ ಅದನ್ನು ಪೋಷಿಸಿ ಬೆಳೆಸಿದರು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ರೂಪಗಳಲ್ಲಿ ಅದು ಉಚಿತವಾಗಿಯೇ ದೊರೆಯುತ್ತದೆ; ಹಳೆಯ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಚೆನ್ನಾಗಿ ನಡೆಯುತ್ತದೆ.

ಹಾಗಾದರೆ ವಿಂಡೋಸನ್ನು ಪೂರ್ತಿಯಾಗಿ ತೆಗೆದುಹಾಕಬಾರದೇಕೆ? ಕನ್ನಡಿಗರ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಹಿಂದೆ ಬೆರಳಚ್ಚು ಮಾಡಿಟ್ಟ ಲೇಖನಗಳೂ ಪತ್ರಗಳೂ ಬಹುಮಟ್ಟಿಗೆ ಯೂನಿಕೋಡ್‌ಗಿಂತ ಭಿನ್ನವಾದ ಸಂಕೇತಗಳಲ್ಲಿವೆ. ಅದರ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿಯಂತಹ ತಂತ್ರಾಂಶಗಳಿಗೂ ವಿಂಡೋಸೇ ಬೇಕು. ಆದುದರಿಂದ ಹಳೆಯ ಕಡತಗಳಿಗೆ ವಿಂಡೋಸನ್ನು ಅಂತರ್ಜಾಲದ ಸಂಪರ್ಕವಿಲ್ಲದೆ ಉಳಿಸಿಕೊಂಡು, ಬ್ಯಾಂಕಿನ ವ್ಯವಹಾರ, ಪತ್ರವ್ಯವಹಾರಗಳಿಗೆ ಲಿನಕ್ಸನ್ನು ಬಳಸುವುದು ಜಾಣತನ. ಭದ್ರತೆಯ ದುರಸ್ತಿಗಳಿಲ್ಲದ ವ್ಯವಸ್ಥೆಯಲ್ಲಿ ಹಣಕಾಸಿನ ವ್ಯವಹಾರ ನಡೆಸುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಒಡವೆ ಇಟ್ಟಂತೆ.

ನಡೆಯುವ ಬಗೆ

ಒಂದು ಮನೆಯನ್ನು ಗೋಡೆಯಿಂದ ಎರಡು ಭಾಗ ಮಾಡಿದಂತೆ ಹಾರ್ಡ್ ಡಿಸ್ಕನ್ನು ವಿಭಾಗಿಸಲಾಗುತ್ತದೆ. ಸ್ವಿಚ್ ಒತ್ತಿದೊಡನೆ ಯುಇಎಫ್ಐ ಎಂಬ ಮೂಲ ತಂತ್ರಾಂಶ ಎಚ್ಚೆತ್ತು, ಗ್ರಬ್ ಎಂಬ ದ್ವಾರಪಾಲಕನನ್ನು ಕರೆಯುತ್ತದೆ. ಗ್ರಬ್ ಪರದೆಯ ಮೇಲೆ ಎರಡೂ ಹೆಸರುಗಳನ್ನು ತೋರಿಸಿ, ಕೆಲವು ಕ್ಷಣ ಕಾದು, ಆರಿಸಿದ ವ್ಯವಸ್ಥೆಗೆ ಯಂತ್ರವನ್ನು ಒಪ್ಪಿಸುತ್ತದೆ. ಒಂದು ಎಚ್ಚರವಾಗಿರುವಾಗ ಮತ್ತೊಂದು ನಿದ್ರಿಸುತ್ತಿರುತ್ತದೆ. ಆದುದರಿಂದಲೇ ಯಂತ್ರದ ಸಂಪೂರ್ಣ ಶಕ್ತಿ ಒಂದಕ್ಕೇ ದಕ್ಕುತ್ತದೆ.

ನೆರೆಹೊರೆಯೆಂದ ಮೇಲೆ ಸಣ್ಣಪುಟ್ಟ ಮನಸ್ತಾಪಗಳು ಇದ್ದೇ ಇರುತ್ತವೆ. ಯಂತ್ರದೊಳಗಿನ ಗಡಿಯಾರ ಸ್ಥಳೀಯ ವೇಳೆಯಲ್ಲಿದೆಯೆಂದು ವಿಂಡೋಸ್ ತಿಳಿದರೆ, ಲಿನಕ್ಸ್ ಅದನ್ನು ಅಂತರರಾಷ್ಟ್ರೀಯ ವೇಳೆಯಲ್ಲಿ ಇರಿಸುತ್ತದೆ. ಭಾರತದಲ್ಲಿ ಇದರ ಅಂತರ ಐದೂವರೆ ಗಂಟೆ! ಲಿನಕ್ಸಿನಿಂದ ವಿಂಡೋಸ್‌ಗೆ ಬಂದಾಗ ಬೆಳಗಿನ 9 ಗಂಟೆಗೆ ನಸುಕಿನ 3-30 ಕಾಣಿಸಿದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಲಿನಕ್ಸಿಗೆ ಒಂದೇ ಒಂದು ಆಜ್ಞೆ ಕೊಟ್ಟು ಇದನ್ನು ಸರಿಪಡಿಸಬಹುದು.

ಎಚ್ಚರಿಕೆಯ ಮಾತು

ಮೊಟ್ಟಮೊದಲು ಮನೆಯ ಛಾಯಾಚಿತ್ರಗಳನ್ನೂ ದಾಖಲೆಗಳನ್ನೂ ಬೇರೊಂದು ಡಿಸ್ಕಿನಲ್ಲಿ ನಕಲು ಮಾಡಿಡಬೇಕು. ವಿಭಾಗಿಸುವಾಗ ಕೈತಪ್ಪಿದರೆ ವರ್ಷಗಳ ನೆನಪುಗಳು ನಿಮಿಷದಲ್ಲಿ ಅಳಿಸಿಹೋದಾವು. ಬಿಟ್‌ಲಾಕರ್ ಎಂಬ ರಹಸ್ಯಲಿಪಿಯ ರಕ್ಷಣೆಯಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಬರೆದಿಡಬೇಕು. ವಿಂಡೋಸಿನ ‘ಫಾಸ್ಟ್ ಸ್ಟಾರ್ಟ್‌ಅಪ್’ ಸೌಲಭ್ಯವನ್ನು ನಿಲ್ಲಿಸಬೇಕು; ಏಕೆಂದರೆ ಅದಿರುವಾಗ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುತ್ತದೆ, ಆಗ ಲಿನಕ್ಸಿನಿಂದ ಅದರ ವಿಭಾಗದಲ್ಲಿ ಬರೆದರೆ ಕಡತಗಳು ಕೆಡಬಹುದು. ಎರಡನ್ನೂ ಹೊಸದಾಗಿ ಸ್ಥಾಪಿಸುವವರು ವಿಂಡೋಸನ್ನು ಮೊದಲು, ಲಿನಕ್ಸನ್ನು ಆಮೇಲೆ ಸ್ಥಾಪಿಸುವುದು ಕ್ಷೇಮ.

2024ರ ಆಗಸ್ಟ್ ತಿಂಗಳಿನಲ್ಲಿ ಬಂದ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣದಿಂದ ಇಂತಹ ಕೆಲವು ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಆದುದರಿಂದ ಲಿನಕ್ಸ್ ತುಂಬಿದ ಪೆನ್ ಡ್ರೈವೊಂದು ಮನೆಯಲ್ಲಿ ಸದಾ ಇರಲಿ. ಅದೇ ಪೆನ್ ಡ್ರೈವಿನಿಂದ, ಡಿಸ್ಕಿನಲ್ಲಿ ಏನನ್ನೂ ಬದಲಾಯಿಸದೆ, ಲಿನಕ್ಸನ್ನು ಮೊದಲು ನಡೆಸಿ ನೋಡಲೂಬಹುದು.

ಹಳೆಯದನ್ನು ಬಿಡದೆ ಹೊಸದನ್ನು ಬರಮಾಡಿಕೊಳ್ಳುವುದು ನಮ್ಮ ಮನೆಗಳಿಗೆ ಹೊಸತೇನಲ್ಲ. ಗ್ಯಾಸಿನ ಒಲೆ ಬಂದ ಮೇಲೂ ಹಿತ್ತಿಲ ಸೌದೆಯೊಲೆಯನ್ನು ಎಷ್ಟೋ ಮನೆಗಳಲ್ಲಿ ಉಳಿಸಿಕೊಂಡಿದ್ದರು. ಯಂತ್ರ ಇನ್ನೂ ದುಡಿಯುತ್ತಿರುವಾಗ ಅದನ್ನು ಎಸೆಯುವುದಕ್ಕೆ ಮುನ್ನ ಒಂದು ಭಾನುವಾರವನ್ನು ಈ ಪ್ರಯೋಗಕ್ಕೆ ಮೀಸಲಿಟ್ಟರೆ ನಷ್ಟವೇನೂ ಇಲ್ಲ.