ಗೆಳೆಯನ ಹಠಾತ್ ಸಾವು: ಮಾನ್ಯತೆ ದೊರೆಯದ ಶೋಕ

ದೀರ್ಘಕಾಲದ ಕಾಯಿಲೆಯು ಆಪ್ತರ ಮನಸ್ಸನ್ನು ಸಾವಿಗೆ ಅಷ್ಟಿಷ್ಟು ಸಿದ್ಧಗೊಳಿಸುತ್ತದೆ. ಆದರೆ ಆರೋಗ್ಯವಂತನೆಂದೇ ಎಲ್ಲರೂ ನಂಬಿದ್ದ ಗೆಳೆಯ ಹಠಾತ್ತನೆ ತೀರಿಕೊಂಡಾಗ ಆ ಅವಕಾಶ ದೊರೆಯದೆ, ದುಃಖಕ್ಕಿಂತ ಮೊದಲು ಅಪನಂಬಿಕೆಯೇ ಮನಸ್ಸನ್ನು ಆವರಿಸುತ್ತದೆ. ದೇಹದಾರ್ಢ್ಯಕ್ಕೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ನಿಧನರಾದಾಗ ಕರ್ನಾಟಕವೇ ಈ ಅಪನಂಬಿಕೆಯನ್ನು ಅನುಭವಿಸಿತು. ಅದರ ಬೆನ್ನಲ್ಲೇ ಹೃದಯ ತಪಾಸಣೆಗಾಗಿ ಜನರು ಆಸ್ಪತ್ರೆಗಳಲ್ಲಿ ಸಾಲುಗಟ್ಟಿದರು.

ಅಪನಂಬಿಕೆಯ ಹಿಂದೆಯೇ ಅಪರಾಧಿ ಭಾವ ತಲೆದೋರುತ್ತದೆ. ಇಂಥ ಸಾವಿಗೆ ಹೃದಯವೇ ಕಾರಣವಾಗಿದ್ದಾಗ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡಬೇಕು. ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ನಾಳ ಮುಚ್ಚಿಕೊಳ್ಳುವುದು ಹೃದಯಾಘಾತ. ರಕ್ತವನ್ನು ಹೊರದೂಡುವ ಬಡಿತವೇ ನಿಂತುಹೋಗುವುದು ಹೃದಯಸ್ತಂಭನ. ಎರಡನೆಯದು ಕೆಲವೊಮ್ಮೆ ಮುನ್ಸೂಚನೆಯಿಲ್ಲದೆ ಘಟಿಸುವುದರಿಂದ, ‘ಮೊನ್ನೆ ಸುಸ್ತು ಎಂದಾಗಲೇ ಕರೆದೊಯ್ಯಬೇಕಿತ್ತು’ ಎಂಬ ಕೊರಗಿಗೆ ಹಲವು ಬಾರಿ ಆಧಾರವಿರುವುದಿಲ್ಲ.

ಇಷ್ಟಾದರೂ ಗೆಳೆಯನನ್ನು ಕಳೆದುಕೊಂಡವನ ನೋವನ್ನು ಸುತ್ತಲಿನವರು ಗಮನಿಸುವುದು ಕಡಿಮೆ. ಸಮಾಜವು ಬಹಿರಂಗವಾಗಿ ಒಪ್ಪಿಕೊಳ್ಳದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ ‘ಮಾನ್ಯತೆ ದೊರೆಯದ ಶೋಕ’ ಎಂಬರ್ಥದಲ್ಲಿ ಗುರುತಿಸಿದ್ದಾರೆ. ಸೂತಕ, ರಜೆ, ಸಾಂತ್ವನಗಳೆಲ್ಲ ರಕ್ತಸಂಬಂಧಿಗಳಿಗೇ ಮೀಸಲಾಗಿರುವಾಗ, ಅಗಲಿದವನ ಗೆಳೆಯನು ಮೊಬೈಲಿನಲ್ಲಿ ಉಳಿದ ಆತನ ಸಂಖ್ಯೆಯನ್ನು ಅಳಿಸಲೂ ಆಗದೆ, ಆ ಸಂಖ್ಯೆಗೆ ಕರೆ ಮಾಡಲೂ ಆಗದೆ, ಮರುದಿನವೇ ಕಚೇರಿಗೆ ಹಾಜರಾಗಬೇಕಾಗುತ್ತದೆ.

ಆದ್ದರಿಂದ ಅಂತಿಮ ದರ್ಶನದಲ್ಲಿ ಪಾಲ್ಗೊಳ್ಳುವುದು, ಗೆಳೆಯರೆಲ್ಲ ಒಂದೆಡೆ ಸೇರಿ ನೆನಪುಗಳನ್ನು ಹಂಚಿಕೊಳ್ಳುವುದು, ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆಯೂ ಮೃತನ ಮನೆಗೆ ಹೋಗಿಬರುವುದು ಮನಸ್ಸಿಗೆ ಆಧಾರವಾಗುತ್ತದೆ. ನಿದ್ದೆ, ಊಟ, ಕೆಲಸಗಳು ವಾರಗಟ್ಟಲೆ ಹದಗೆಟ್ಟರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹಿಂಜರಿಯಬಾರದು.