ಕಲ್ಲು ಒಂದೇ, ನಂಟು ಹಲವು

1986ರಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರಗಳು! ಅದು ಅಶೋಕನ ಪ್ರಾಕೃತ ಶಾಸನ.

ಕಲಬುರಗಿ ಜಿಲ್ಲೆಯ ಶಾಸನ, ಸ್ಮಾರಕ, ಬೆಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕೂತವರು ಈ ಕಲ್ಲನ್ನು ಎಲ್ಲಿಡಬೇಕು? ಶಾಸನಗಳ ಜೊತೆಗೋ, ದೇವಾಲಯಗಳ ಜೊತೆಗೋ, ಮೌರ್ಯರ ಕಾಲದಲ್ಲೋ, ಚಿತ್ತಾಪುರದಲ್ಲೋ? ನಾಲ್ಕೂ ಕಡೆ ಪ್ರತಿ ಮಾಡಿಟ್ಟರೆ ಮುಂದೆ ಒಂದು ತಪ್ಪು ತಿದ್ದಲು ನಾಲ್ಕು ಕಡೆ ಕೈಯಾಡಿಸಬೇಕು. ಮೂರು ತಿದ್ದಿ ನಾಲ್ಕನೆಯದು ಮರೆತೇ ಹೋಗುತ್ತದೆ.

ಪುಸ್ತಕ ಕಾಯುವವರಿಗೆ ಈ ಕಗ್ಗಂಟು ಹೊಸದಲ್ಲ. ಇದೇ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಆರು ಮಂದಿ ಸರಸ್ವತಿ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರೆಂದು 1058ರ ಶಾಸನ ಹೇಳುತ್ತದೆ. ಪುಸ್ತಕಗಳನ್ನು ವಿಷಯವಾರು ವಿಂಗಡಿಸಲೆಂದೇ 1933ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಕೋಲನ್ ವರ್ಗೀಕರಣ ಪ್ರಕಟಿಸಿದರು. ಒಂದು ವಿಷಯಕ್ಕೆ ಹಲವು ಮುಖಗಳಿರುತ್ತವೆ, ಸ್ಥಳವನ್ನು ಬೇರೆ, ಕಾಲವನ್ನು ಬೇರೆ ಗುರುತಿಸಿ ಆಮೇಲೆ ಕೂಡಿಸಬೇಕು ಎಂಬುದು ಅವರ ವಾದ. ಆದರೂ ಪುಸ್ತಕವೊಂದು ಕಪಾಟಿನಲ್ಲಿ ಒಂದೇ ಕಡೆ ನಿಲ್ಲಬೇಕು. ಆ ಕಟ್ಟು ಕಂಪ್ಯೂಟರಿಗಿಲ್ಲ.

ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಈ ಕಗ್ಗಂಟನ್ನು ಎರಡು ಪ್ರಶ್ನೆಗಳಾಗಿ ಬಿಡಿಸುತ್ತದೆ. ಇದು ಏನು? ಇದು ಯಾವುದಕ್ಕೆಲ್ಲ ಸೇರಿದ್ದು? ಮೊದಲನೆಯದಕ್ಕೆ ಉತ್ತರ ಒಂದೇ, ಅದು ಪೋಸ್ಟ್ ಟೈಪ್. ಎರಡನೆಯದಕ್ಕೆ ಉತ್ತರ ಎಷ್ಟಾದರೂ ಇರಬಹುದು, ಅದು ಟ್ಯಾಕ್ಸಾನಮಿ. ಸನ್ನತಿಯ ಕಲ್ಲು ‘ಶಾಸನ’ ಎಂಬ ಟೈಪು. ತಾಲ್ಲೂಕು ಚಿತ್ತಾಪುರ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ ಮೌರ್ಯ ಎಂಬ ನಾಲ್ಕು ಗುರುತುಗಳು ಅದಕ್ಕೆ ಅಂಟುತ್ತವೆ. ಕಮಲಾಪುರದ ಕೆಂಬಾಳೆ ‘ಬೆಳೆ’ ಎಂಬ ಟೈಪು. ಭೌಗೋಳಿಕ ಸೂಚಕ ಎಂಬ ಗುರುತು ಅದಕ್ಕೂ ಉಂಟು, 2019ರಲ್ಲಿ ಆ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಗೂ ಉಂಟು. ಟೈಪು ಬೇರೆ ಬೇರೆಯಾದರೂ ತಾಲ್ಲೂಕಿನ ಪಟ್ಟಿ ಎಲ್ಲಕ್ಕೂ ಒಂದೇ. ಕಲಬುರಗಿ ನಗರದ ಜಗತ್ ವೃತ್ತದಲ್ಲಿ ನಿಂತ ವಿದ್ಯಾರ್ಥಿ ಮೊಬೈಲಿನಲ್ಲಿ ‘ಚಿತ್ತಾಪುರ’ ಒತ್ತಿದರೆ ಅಶೋಕನೂ ಬರುತ್ತಾನೆ, ಸರಸ್ವತಿ ಭಂಡಾರಿಗರೂ ಬರುತ್ತಾರೆ, ಅಲ್ಲಿಯ ತೊಗರಿಯೂ ಬರುತ್ತದೆ.

ಒಳಗೆ ಇಣುಕಿದರೆ ಯಂತ್ರ ಬಹಳ ಸರಳ. ಶಾಸನ, ಬೆಳೆ, ಕೋಟೆ ಎಲ್ಲವೂ ಡೇಟಾಬೇಸಿನ ಒಂದೇ ಟೇಬಲ್ಲಿನಲ್ಲಿ ಸಾಲುಸಾಲಾಗಿ ಕೂರುತ್ತವೆ. ಯಾವುದು ಏನೆಂದು ಹೇಳಲು ಒಂದು ಅಂಕಣವಿದೆ, ಅಷ್ಟೆ. ಗುರುತುಗಳ ಹೆಸರಿಗೆ ಬೇರೆ ಟೇಬಲ್. ನಡುವೆ ಸಂಬಂಧಗಳ ಟೇಬಲ್ ಒಂದಿದೆ. ಅದರಲ್ಲಿ ಮಾತೇ ಇಲ್ಲ, ಬರೀ ಅಂಕಿ. ಸನ್ನತಿಯ ಕಲ್ಲಿನ ಸಂಖ್ಯೆ 412, ಚಿತ್ತಾಪುರದ್ದು 37 ಅಂದುಕೊಂಡರೆ ಅಲ್ಲಿ ‘412, 37’ ಎಂದಿರುತ್ತದೆ. ಗುರುತುಗಳನ್ನು ಹೀಗೆ ಬೆಸೆಯುವ ಏರ್ಪಾಡು ಬಂದದ್ದು 2007ರಲ್ಲಿ. ನಮಗೆ ಬೇಕಾದ ಟೈಪನ್ನು ಸುಲಭವಾಗಿ ಸೃಷ್ಟಿಸಿಕೊಳ್ಳುವ ಸೌಲಭ್ಯ 2010ರ 3.0 ಆವೃತ್ತಿಯಲ್ಲಿ ಬಂತು.

ಈ ಬರೀ ಅಂಕಿಯ ಬೆಲೆ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಅರ್ಥವಾಗಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಪ್ರತಿ ಬರಹದಲ್ಲೂ ಊರಿನ ಹೆಸರನ್ನು ಕೈಯಾರೆ ಬರೆದಿಟ್ಟವರು ಒಂದೊಂದನ್ನೂ ತೆರೆದು ತಿದ್ದಬೇಕಾಗುತ್ತದೆ. ಹೆಸರನ್ನು ಟ್ಯಾಕ್ಸಾನಮಿಯಲ್ಲಿಟ್ಟವರು ಒಂದು ಸಾಲು ಬದಲಿಸಿದರೆ ಮುಗಿಯಿತು. ಗುರುತುಗಳಿಗೆ ತಾಯಿ-ಮಕ್ಕಳ ಸಂಬಂಧವೂ ಉಂಟು: ಜಿಲ್ಲೆಯ ಕೆಳಗೆ ತಾಲ್ಲೂಕು. ಜಿಲ್ಲೆಯನ್ನು ಕೇಳಿದರೆ ತಾಲ್ಲೂಕುಗಳದ್ದೂ ತಾನಾಗಿ ಬರುತ್ತದೆ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದಾಗ ಸುರಪುರ, ಶಹಾಪುರಗಳ ತಾಯಿ ಬದಲಾಯಿತು. ಆ ಎರಡು ಗುರುತುಗಳನ್ನು ಸರಿಸಿದರೆ ಅವಕ್ಕೆ ಅಂಟಿದ್ದೆಲ್ಲವೂ ಜೊತೆಗೇ ಹೋಗುತ್ತದೆ. ಕಮಲಾಪುರ ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದದ್ದು ಮಾತ್ರ ಅಷ್ಟು ಸಲೀಸಲ್ಲ. ಹೊಸ ಗುರುತು ಮಾಡಿ, ಯಾವ ಹಳ್ಳಿ ಅತ್ತ, ಯಾವುದು ಇತ್ತ ಎಂದು ಊರು ಬಲ್ಲವರೇ ಕೂತು ನೋಡಬೇಕು.

ಹೊಸಬರು ಎಡವುವುದು ಟೈಪು ಯಾವುದು, ಗುರುತು ಯಾವುದು ಎಂಬಲ್ಲಿ. ನಾನು ನೋಡುವುದು ಇಷ್ಟು: ಅದರ ಬಗ್ಗೆಯೇ ಒಂದು ಪುಟ ಬರೆಯುವುದಿದ್ದರೆ, ಅದಕ್ಕೆ ತನ್ನದೇ ವಿವರಗಳಿದ್ದರೆ ಅದು ಟೈಪು. ತೊಗರಿಗೆ ಬಿತ್ತುವ ಮತ್ತು ರಾಶಿ ಮಾಡುವ ತಿಂಗಳು ಬೇಕು. ಶಾಸನಕ್ಕೆ ಸಾಲುಗಳ ಲೆಕ್ಕ ಬೇಕು. ‘ಬ್ರಾಹ್ಮಿ’ ಎಂಬುದು ಬರೀ ಹುಡುಕಲು ಬೇಕಾದರೆ ಗುರುತಾಗಿಯೇ ಇರಲಿ.

ಸನ್ನತಿಯ ಕಲ್ಲಿಗೂ ಕಾಳಿ ಗುಡಿಗೂ ಇರುವ ನಂಟು ಇನ್ನೂ ಉಳಿಯಿತು. ಎರಡೂ ಸ್ವಂತ ಪುಟವುಳ್ಳವು. ಇಂಥ ಎರಡು ಪುಟಗಳನ್ನು, ಅಂದರೆ ಪೋಸ್ಟ್‌ಗಳನ್ನು, ನೇರವಾಗಿ ಬೆಸೆಯುವ ಟೇಬಲ್ ವರ್ಡ್‌ಪ್ರೆಸ್‌ನಲ್ಲಿ ಹುಟ್ಟಿನಿಂದ ಇಲ್ಲ. ಕಲ್ಲಿನ ಪುಟಕ್ಕೆ ಹೆಚ್ಚುವರಿ ಖಾನೆಯೊಂದನ್ನು ಸೇರಿಸಿ ಅದರಲ್ಲಿ ಗುಡಿಯ ಸಂಖ್ಯೆ ಬರೆಯುತ್ತಾರೆ. ಗುಡಿಯ ಪುಟ ತೆರೆದಾಗ ‘ನನ್ನ ಸಂಖ್ಯೆ ಬರೆದುಕೊಂಡವರು ಯಾರು’ ಎಂದು ತಂತ್ರಾಂಶ ಹುಡುಕುವಂತೆ ಮಾಡಿದರೆ ಕಲ್ಲು ಅಲ್ಲಿಯೂ ಕಾಣುತ್ತದೆ.