ಕಟ್ಟಿ ಮೇಯಿಸುವ ಹೋತಗಳಲ್ಲಿ ಮೂತ್ರಕಲ್ಲು

ಬಕ್ರೀದ್ ಮಾರಾಟಕ್ಕೆಂದು ಹೋತಗಳನ್ನು ಕಟ್ಟಿ ಮೇಯಿಸುವ ಚಿಟಗುಪ್ಪ, ಹುಮನಾಬಾದ ಭಾಗದ ರೈತರು ಮೂತ್ರಕಲ್ಲಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಚೆನ್ನಾಗಿ ತಿಂದು ಮೈತುಂಬಿದ ಹೋತವೇ ಇದಕ್ಕೆ ಬಲಿಯಾಗುವುದರಿಂದ ತಿಂಗಳುಗಟ್ಟಲೆ ಹಾಕಿದ ಖರ್ಚು ನಾಲ್ಕಾರು ದಿನಗಳಲ್ಲಿ ಮಣ್ಣುಪಾಲಾಗುತ್ತದೆ.

ಹೆಣ್ಣಾಡಿನ ಮೂತ್ರನಾಳ ಗಿಡ್ಡ ಮತ್ತು ಅಗಲ. ಸಣ್ಣ ಹರಳುಗಳು ತಾವಾಗಿಯೇ ಹೊರಬೀಳುತ್ತವೆ. ಹೋತದ ನಾಳ ಉದ್ದವಾಗಿದ್ದು, ನಡುವೆ ಡೊಂಕಾಗಿ ಬಾಗಿ, ತುದಿಯಲ್ಲಿ ಎರೆಹುಳುವಿನಂತೆ ಸಣ್ಣದಾಗುತ್ತದೆ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಎರಡು ಕಡೆ. ತೀರ ಎಳೆಯದರಲ್ಲಿ ಬೀಜ ಒಡೆಸಿದರೆ ನಾಳ ಇನ್ನೂ ಕಿರಿದಾಗಿಯೇ ಉಳಿಯುತ್ತದೆ. 4–5 ತಿಂಗಳವರೆಗೆ ಕಾಯುವುದು ಲೇಸು. ಅಲ್ಲಿಯವರೆಗೆ ಹೆಣ್ಣುಮರಿಗಳಿಂದ ಬೇರೆ ಕಟ್ಟಬೇಕು.

ಕಲ್ಲಾಗಲು ಮುಖ್ಯ ಕಾರಣ ಮೇವು. ಗೋಧಿ ಬೂಸಾದಲ್ಲಿ ರಂಜಕ ಸುಮಾರು ಶೇ. 1 ರಷ್ಟಿದ್ದರೆ, ಸುಣ್ಣದ ಅಂಶ ಅದರ ಐದನೇ ಒಂದು ಪಾಲೂ ಇರುವುದಿಲ್ಲ. ಜೋಳ, ಮೆಕ್ಕೆಜೋಳದ ಕಾಳುಗಳದ್ದೂ ಇದೇ ಗುಣ. ಒಟ್ಟು ಆಹಾರದಲ್ಲಿ ಇರಬೇಕಾದದ್ದು ರಂಜಕ 1 ಪಾಲಾದರೆ ಸುಣ್ಣ 2 ಪಾಲು. ಬೇಗ ತೂಕ ಬರಲೆಂದು ಬೂಸಾ, ಕಾಳು ಸುರಿದಾಗ ಹೆಚ್ಚಾದ ರಂಜಕ ಮೂತ್ರಕ್ಕಿಳಿದು ಹರಳುಗಟ್ಟುತ್ತದೆ. ನಮ್ಮಲ್ಲಿ ರಾಶಿಯಾದ ಮೇಲೆ ಸಿಗುವ ತೊಗರಿ, ಹೆಸರು, ಉದ್ದಿನ ಹೊಟ್ಟಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದನ್ನು ಹೊಟ್ಟೆತುಂಬ ಕೊಟ್ಟು ಕಾಳನ್ನು ಮಿತಿಯಲ್ಲಿಡಬೇಕು. ಬೂಸಾ-ಹಿಂಡಿ ಮಿಶ್ರಣದ 100 ಕಿ.ಗ್ರಾಂ.ಗೆ 2 ಕಿ.ಗ್ರಾಂ. ಸುಣ್ಣಕಲ್ಲಿನ ಪುಡಿ, 2 ಕಿ.ಗ್ರಾಂ. ಉಪ್ಪು ಬೆರೆಸಬಹುದು. ಪುಡಿ ಪಶು ಆಹಾರಕ್ಕೆಂದೇ ತಯಾರಿಸಿದ್ದಾಗಿರಲಿ. ಗೋಡೆಗೆ ಬಳಿಯುವ ಸುಣ್ಣ ಸಲ್ಲದು.

ಉಪ್ಪು ತಿಂದ ಹೋತ ಹೆಚ್ಚು ನೀರು ಕುಡಿದು ಮೂತ್ರ ತೆಳುವಾಗುತ್ತದೆ. ಆದರೆ ನೀರಿನ ಅನುಕೂಲವಿಲ್ಲದೆ ಉಪ್ಪು ಕೊಡುವುದು ಅಪಾಯ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ನೀರು ತೋರಿಸಿದರೆ ಸಾಲದು. ನೆರಳಿನಲ್ಲಿ ಸದಾ ಶುದ್ಧ ನೀರಿರಬೇಕು. ಅಮೋನಿಯಂ ಕ್ಲೋರೈಡ್ ಕೂಡ ಹರಳುಗಟ್ಟುವುದನ್ನು ತಡೆಯುತ್ತದೆ. ಪ್ರಮಾಣವನ್ನು ಪಶುವೈದ್ಯರಿಂದಲೇ ತಿಳಿಯಬೇಕು. ಮನೆಯ ನಾಯಿಗೂ ಮೂತ್ರಕಲ್ಲು ಆಗುವುದುಂಟು. ಆದರೆ ಅದಕ್ಕೆ ಅನೇಕ ವೇಳೆ ಮೂತ್ರದ ಸೋಂಕೇ ಕಾರಣವಾದ್ದರಿಂದ ಹೋತದ ಈ ಉಪಾಯಗಳನ್ನು ನಾಯಿಗೆ ಮಾಡಬಾರದು.

ಹೋತ ಪದೇ ಪದೇ ತಿಣುಕುವುದು, ಬಾಲ ಅಲ್ಲಾಡಿಸುವುದು, ಹೊಟ್ಟೆಗೆ ಒದ್ದುಕೊಳ್ಳುವುದು, ಉಚ್ಚೆ ಹನಿಹನಿಯಾಗಿ ಬೀಳುವುದು ರೋಗದ ಲಕ್ಷಣಗಳು. ಸೆಗಣಿ ಕಟ್ಟಿದೆಯೆಂದು ತಿಳಿದು ಎಣ್ಣೆ ಕುಡಿಸುತ್ತ ಕುಳಿತರೆ ಮೂತ್ರಚೀಲ ಒಡೆಯುತ್ತದೆ. ಬಲವಂತವಾಗಿ ನೀರು ಕುಡಿಸುವುದಾಗಲಿ, ಉಚ್ಚೆ ಹೆಚ್ಚಿಸುವ ಔಷಧಿಯಾಗಲಿ ಈ ಹೊತ್ತಿನಲ್ಲಿ ಕೂಡದು. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಕಲ್ಲು ತುದಿಯಲ್ಲಿದ್ದರೆ ವೈದ್ಯರು ಆ ಎಳೆಯನ್ನು ಕತ್ತರಿಸಿದೊಡನೆ ಮೂತ್ರ ಹರಿಯಬಹುದು. ಇನ್ನೂ ಮೇಲಿದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಅಂಥ ಹೋತವನ್ನು ವೈದ್ಯರ ಸಲಹೆಯಂತೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ತಡಮಾಡದೆ ಸಾಗಿಸಬೇಕು.